ಬಿಳಿ ಮೇಣ ಬಿಳಿಯಾಗಿಯೇ ಉಳಿಯಲು

ಮೇಣವೂ ಕೆಡುತ್ತದೆ ಎಂದರೆ ಈ ಕೆಲಸಕ್ಕೆ ಹೊಸದಾಗಿ ಬಂದವರು ನಗುತ್ತಾರೆ. ಪ್ಯಾರಾಫಿನ್ ಯಾವುದರ ತಂಟೆಗೂ ಹೋಗದ, ಆಮ್ಲಕ್ಕೂ ಕ್ಷಾರಕ್ಕೂ ಜಗ್ಗದ ವಸ್ತು ಎಂದು ಕಾಲೇಜಿನಲ್ಲಿ ಓದಿಕೊಂಡು ಬಂದಿರುತ್ತಾರೆ. ತಣ್ಣಗಿನ ಗಟ್ಟಿಯ ಮಟ್ಟಿಗೆ ಅದು ಬಹುತೇಕ ನಿಜ. ಅದೇ ಮೇಣವನ್ನು ಕರಗಿಸಿ, ಬಿಸಿ ಟ್ಯಾಂಕಿನಲ್ಲಿ ಗಾಳಿ ತಾಗುವಂತೆ ವಾರಗಟ್ಟಲೆ ಇಟ್ಟು ನೋಡಿ. ಮೊದಲು ಮೂಗಿಗೆ ಗೊತ್ತಾಗುತ್ತದೆ: ಹಳೇ ಎಣ್ಣೆಯ ಕಮಟು, ಅದರ ಹಿಂದೆಯೇ ಸಣ್ಣಗೆ ಹುಳಿ ವಾಸನೆ. ಆಮೇಲೆ ಕಣ್ಣಿಗೆ: ನೀರಿನಂತಿದ್ದ ದ್ರವಕ್ಕೆ ತೆಳು ಹಳದಿ ಇಳಿದಿರುತ್ತದೆ. ಅಷ್ಟರಲ್ಲಿ ಮಾಲು ಕೈಬಿಟ್ಟು ಹೋಗಿರುತ್ತದೆ.

ಪೂರ್ಣ ಸಂಸ್ಕರಿಸಿದ ಮೇಣವನ್ನು ದ್ರವರೂಪದಲ್ಲಿ ಇಳಿಸಿಕೊಳ್ಳುವುದು, ಶೇಖರಿಸುವುದು, ಬೆರೆಸುವುದು, ಗಟ್ಟಿ ಎರಕ ಹೊಯ್ಯುವುದು ನನ್ನ ಕೆಲಸ. ಮೇಣ ಹೀಗೆ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಡುವುದೇ ಉತ್ಕರ್ಷಣ. ಅದನ್ನು ತಡೆಯುವ ರಾಸಾಯನಿಕ, ಅಂದರೆ ನಾವು ದಿನಬಳಕೆಯಲ್ಲಿ ಆಂಟಿಆಕ್ಸಿಡೆಂಟ್ ಎನ್ನುವುದನ್ನು ಯಾವಾಗ, ಎಷ್ಟು, ಹೇಗೆ ಹಾಕಬೇಕು ಎಂಬುದರಲ್ಲಿ ನನಗೆ ಕೆಲವು ಗಟ್ಟಿ ಅಭಿಪ್ರಾಯಗಳಿವೆ. ಮುಖ್ಯವಾದದ್ದು ಒಂದೇ: ಯಾವ ರಾಸಾಯನಿಕ ಎಂಬುದಕ್ಕಿಂತ ಯಾವ ಗಳಿಗೆಯಲ್ಲಿ ಹಾಕಿದಿರಿ ಎಂಬುದು ದೊಡ್ಡದು.

ಇಲ್ಲೊಂದು ವಿಚಿತ್ರವಿದೆ. ಎಣ್ಣೆಯಂಶ ಇನ್ನೂ ಉಳಿದಿರುವ ಕಚ್ಚಾ ಮೇಣಕ್ಕೆ, ಅಂದರೆ ಸ್ಲ್ಯಾಕ್ ಮೇಣಕ್ಕೆ, ಸ್ವಂತ ರಕ್ಷಣೆ ಸ್ವಲ್ಪವಾದರೂ ಇರುತ್ತದೆ. ಅದರೊಳಗಿನ ಗಂಧಕದ ಸಂಯುಕ್ತಗಳು ಮತ್ತು ಕೆಲವು ಫೀನಾಲ್ ಜಾತಿಯ ಅಣುಗಳು ಉತ್ಕರ್ಷಣಕ್ಕೆ ಅಡ್ಡ ನಿಲ್ಲುತ್ತವೆ. ನಾವು ಎಣ್ಣೆಯಂಶವನ್ನು ಶೇಕಡಾ ಅರ್ಧಕ್ಕಿಂತ ಕೆಳಗಿಳಿಸಿ, ಒತ್ತಡದಲ್ಲಿ ಜಲಜನಕ ಹಾಯಿಸಿ, ಬಣ್ಣ ತೆಗೆದು, ವಾಸನೆ ತೆಗೆದು ಬೆಳ್ಳಗೆ ಮಾಡುವಾಗ ಈ ಕಾವಲುಗಾರರೂ ಹೊರಟುಹೋಗುತ್ತಾರೆ. ಹೀಗಾಗಿ ಹೆಚ್ಚು ಶುದ್ಧವಾದ ಮೇಣವೇ ಬಿಸಿಗಾಳಿಗೆ ಬೇಗ ಸೋಲುವುದುಂಟು. ಸಮಾಧಾನದ ಸಂಗತಿ ಎಂದರೆ, ಹೀಗೆ ಶುದ್ಧವಾದ ಮೇಣ ಹೊರಗಿನಿಂದ ಹಾಕಿದ ಆಂಟಿಆಕ್ಸಿಡೆಂಟಿಗೆ ತುಂಬ ಚೆನ್ನಾಗಿ ಸ್ಪಂದಿಸುತ್ತದೆ. ಹತ್ತಿಪ್ಪತ್ತು ಪಿಪಿಎಂ, ಅಂದರೆ ಒಂದು ಟನ್ನಿಗೆ ಹತ್ತಿಪ್ಪತ್ತು ಗ್ರಾಂ, ಎದ್ದು ಕಾಣುವ ವ್ಯತ್ಯಾಸ ಮಾಡುತ್ತದೆ.

ಒಳಗೆ ನಡೆಯುವುದೇನು? ಬಿಸಿಗೋ ಬೆಳಕಿಗೋ ಲೋಹದ ಸ್ಪರ್ಶಕ್ಕೋ ಮೇಣದ ಸರಪಳಿಯಿಂದ ಒಂದು ಜಲಜನಕ ಕಳಚಿಕೊಂಡು ಮುಕ್ತ ರಾಡಿಕಲ್ ಹುಟ್ಟುತ್ತದೆ, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತು ಸಿಕ್ಕಿದ್ದಕ್ಕೆ ಅಂಟಿಕೊಳ್ಳುವ ಅಣು. ಅದು ಕ್ಷಣದಲ್ಲಿ ಆಮ್ಲಜನಕವನ್ನು ಹಿಡಿದು ಪೆರಾಕ್ಸಿ ರಾಡಿಕಲ್ ಆಗುತ್ತದೆ. ಈ ಪೆರಾಕ್ಸಿ ಪಕ್ಕದ ಅಣುವಿನಿಂದ ಜಲಜನಕ ಕಿತ್ತುಕೊಂಡು ತಾನು ಹೈಡ್ರೋಪೆರಾಕ್ಸೈಡ್ ಆಗಿ ಕೂರುತ್ತದೆ, ಅಲ್ಲೊಂದು ಹೊಸ ರಾಡಿಕಲ್ಲನ್ನು ಬಿಟ್ಟುಹೋಗುತ್ತದೆ. ಹೈಡ್ರೋಪೆರಾಕ್ಸೈಡ್ ಒಡೆದಾಗ ಒಂದರಿಂದ ಎರಡು ರಾಡಿಕಲ್. ಅಲ್ಲಿಂದ ಮುಂದೆ ವೇಗ ತಾನಾಗಿಯೇ ಏರುತ್ತದೆ. ಕೊನೆಗೆ ಸಿಗುವುದು ಆಲ್ಕೊಹಾಲ್, ಕೀಟೋನ್, ಆಲ್ಡಿಹೈಡ್, ಕೊಬ್ಬಿನಾಮ್ಲ, ಎಸ್ಟರ್. ವಾಸನೆಗೆ ಹೆಚ್ಚಾಗಿ ಕಾರಣ ಇದರಲ್ಲಿನ ಸಣ್ಣ ಆಲ್ಡಿಹೈಡ್‌ಗಳೂ ಆಮ್ಲಗಳೂ. ಮೈಕ್ರೋಕ್ರಿಸ್ಟಲಿನ್, ಅಂದರೆ ಅತಿ ಸಣ್ಣ ಹರಳಿನ ಮೇಣದಲ್ಲಿ ಕವಲೊಡೆದ ಸರಪಳಿಗಳು ಹೆಚ್ಚು. ಕವಲಿನ ಬುಡದ ಇಂಗಾಲಕ್ಕೆ ಅಂಟಿದ ಜಲಜನಕದ ಹಿಡಿತ ಸಡಿಲ, ಜೊತೆಗೆ ಕರಗುವ ಬಿಂದು ಎತ್ತರವಾದ್ದರಿಂದ ಟ್ಯಾಂಕನ್ನೂ ಹೆಚ್ಚು ಬಿಸಿ ಇಡಬೇಕು. ಎರಡೂ ಸೇರಿ ಅದರ ಕಷ್ಟ ದುಪ್ಪಟ್ಟು.

(ಇದೇ ಕ್ರಿಯೆಯನ್ನು ಬೇಕೆಂದೇ ಮಾಡುವ ಕಾರ್ಖಾನೆಗಳೂ ಇವೆ. ಬಿಸಿ ಮೇಣಕ್ಕೆ ಗಾಳಿ ಊದಿ ತಯಾರಿಸಿದ ಉತ್ಕರ್ಷಿತ ಮೇಣ ಪಾಲಿಶ್‌ಗಳಿಗೆ, ಎಮಲ್ಷನ್‌ಗಳಿಗೆ ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದ ಜರ್ಮನಿಯಲ್ಲಿ, ಕಲ್ಲಿದ್ದಲಿನಿಂದ ಸಂಶ್ಲೇಷಿಸಿದ ಪ್ಯಾರಾಫಿನ್ನಿಗೆ ಮ್ಯಾಂಗನೀಸ್ ವೇಗವರ್ಧಕ ಹಾಕಿ, ಗಾಳಿಯಿಂದ ಉತ್ಕರ್ಷಿಸಿ, ಸಾಬೂನಿಗೆ ಬೇಕಾದ ಕೊಬ್ಬಿನಾಮ್ಲ ಮಾಡಿದ್ದರು. ನಮ್ಮ ಟ್ಯಾಂಕಿನಲ್ಲಿ ತುಕ್ಕು, ಗಾಳಿ, ಶಾಖ ಮೂರೂ ಸೇರಿದರೆ ಅದೇ ಕಾರ್ಖಾನೆ ಪುಟ್ಟದಾಗಿ ಶುರುವಾದಂತೆ.)

ಈ ಸರಪಳಿಗೆ ಆರಂಭದಲ್ಲಿ ಒಂದು ಮೌನದ ಕಾಲವಿದೆ. ಆಮ್ಲಜನಕ ಬಳಕೆಯಾಗುತ್ತಿರುವುದೇ ಕಾಣದು, ಬಣ್ಣ ಬದಲಾಗದು. ಆಂಟಿಆಕ್ಸಿಡೆಂಟ್ ಮಾಡುವುದೆಲ್ಲ ಆ ಮೌನವನ್ನು ಉದ್ದ ಮಾಡುವುದು. ಬಿಎಚ್‌ಟಿಯನ್ನೇ ತೆಗೆದುಕೊಳ್ಳಿ, ಪೂರ್ತಿ ಹೆಸರು 2,6-ಡೈ-ಟರ್ಷಿಯರಿ-ಬ್ಯೂಟೈಲ್-4-ಮೀಥೈಲ್ ಫೀನಾಲ್. ಅದು ತನ್ನ ಜಲಜನಕವನ್ನು ಪೆರಾಕ್ಸಿ ರಾಡಿಕಲ್ಲಿಗೆ ಕೊಟ್ಟು ಸುಮ್ಮನಾಗಿಸುತ್ತದೆ. ಒಂದು ಅಣು ಸುಮಾರು ಎರಡು ರಾಡಿಕಲ್‌ಗಳನ್ನು ನುಂಗಿ ಮುಗಿದುಹೋಗುತ್ತದೆ. ಹಾಗಾಗಿ ಮೊದಲೇ ಪೆರಾಕ್ಸೈಡ್ ತುಂಬಿಕೊಂಡ ಮೇಣಕ್ಕೆ ಹಾಕಿದರೆ ಸಿಕ್ಕಷ್ಟು ರಾಡಿಕಲ್‌ಗಳ ಹಿಂದೆ ಓಡಿ ಬೇಗ ಖಾಲಿಯಾಗುತ್ತದೆ. ಆಗಲೇ ಹುಟ್ಟಿದ ಆಮ್ಲ, ಕೀಟೋನ್‌ಗಳನ್ನು ಅದು ಮತ್ತೆ ಮೇಣವನ್ನಾಗಿ ತಿರುಗಿಸುವುದಿಲ್ಲ. ಹಳದಿಯಾದ ಟ್ಯಾಂಕಿಗೆ ಬಿಎಚ್‌ಟಿ ಸುರಿಯುವವರನ್ನು ನೋಡಿದರೆ, ಮಳೆಯಲ್ಲಿ ಪೂರ್ತಿ ನೆಂದ ಮೇಲೆ ಕೊಡೆ ಬಿಚ್ಚುವವರ ನೆನಪಾಗುತ್ತದೆ.

ಆದ್ದರಿಂದ ನಾನು ಹಾಕುವುದು ಮೇಣ ಕೊನೆಯ ಸಂಸ್ಕರಣೆ ಮುಗಿಸಿ ಹೊರಬರುವ ಪೈಪಿನಲ್ಲಿ, ಗಾಳಿಯ ಮುಖ ಕಾಣುವ ಮುಂಚೆ. ದ್ರವರೂಪದಲ್ಲೇ ಬೇರೆಡೆಯಿಂದ ಬರುವ ಮಾಲಾದರೆ, ಇಳಿಸುವ ಮುಂಚೆ ಪೆರಾಕ್ಸೈಡ್ ಎಷ್ಟಿದೆ ಎಂದು ಹೇಳುವ ಪೆರಾಕ್ಸೈಡ್ ಸಂಖ್ಯೆ ನೋಡಿ, ಇಳಿಯುತ್ತಿರುವ ಹರಿವಿಗೇ ಹಾಕುತ್ತೇನೆ. ಸಂಸ್ಕರಣೆಯಲ್ಲಿ ಕ್ರಿಯಾಶೀಲ ಜೇಡಿಯ ಸೋಸುವಿಕೆ ಇದ್ದರೆ, ಅದಾದ ಮೇಲೆಯೇ. ಜೇಡಿ ಧ್ರುವೀಯ ಅಣುಗಳನ್ನು ಹಿಡಿದಿಟ್ಟುಕೊಳ್ಳುವುದಕ್ಕೇ ಇರುವುದು, ನಿಮ್ಮ ಫೀನಾಲನ್ನು ಅದು ಬಿಟ್ಟುಕೊಡುವುದಿಲ್ಲ.

ಹಾಕುವ ವಿಧಾನ ಸರಳ, ಆದರೂ ಅವಸರ ಮಾಡುವಂತಿಲ್ಲ. ಬಿಎಚ್‌ಟಿ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಬಿಸಿ ಮೇಣದಲ್ಲಿ ಸಲೀಸಾಗಿ ಲೀನವಾಗುತ್ತದೆ. ಹಾಗೆಂದು ಪುಡಿಯನ್ನು ನೇರವಾಗಿ ದೊಡ್ಡ ಟ್ಯಾಂಕಿನ ಬಾಯಿಂದ ಸುರಿದರೆ, ಒಂದಷ್ಟು ಗೋಡೆಗೆ ಅಂಟಿ, ಒಂದಷ್ಟು ಆವಿಯಾಗಿ, ಉಳಿದದ್ದು ಎಲ್ಲೋ ಒಂದು ಮೂಲೆಯಲ್ಲಿ ಸೇರುತ್ತದೆ. ನಾನು 9 ಕಿಲೋ ಮೇಣವನ್ನು 80-85 ಡಿಗ್ರಿಯಲ್ಲಿ ಕರಗಿಸಿ 1 ಕಿಲೋ ಬಿಎಚ್‌ಟಿ ಬೆರೆಸಿ, ಶೇಕಡಾ 10ರ ಮೂಲದ್ರಾವಣ ಮಾಡಿಕೊಳ್ಳುತ್ತೇನೆ. 25 ಟನ್ ಮೇಣಕ್ಕೆ 20 ಪಿಪಿಎಂ ಬೇಕೆಂದರೆ ಬಿಎಚ್‌ಟಿ 500 ಗ್ರಾಂ, ಅಂದರೆ ಈ ದ್ರಾವಣ 5 ಕಿಲೋ. ಅದನ್ನು ಪಂಪಿನ ಹೀರುಬಾಯಿಯ ಬಳಿ, ಟ್ಯಾಂಕು ತುಂಬುತ್ತಿರುವ ಅಷ್ಟೂ ಹೊತ್ತು ಸ್ವಲ್ಪಸ್ವಲ್ಪವಾಗಿ ಸೇರಿಸುವುದು. ಆಮೇಲೆ ಟ್ಯಾಂಕಿನ ದ್ರವ ಒಂದೆರಡು ಸಲವಾದರೂ ಪೂರ್ತಿ ಸುತ್ತಿ ಬರುವಷ್ಟು ಪಂಪ್ ಓಡಿಸುವುದು. ಕಲಕಲು ಗಾಳಿ ಊದುವ ಅಭ್ಯಾಸ ಕೆಲವೆಡೆ ಇದೆ. ಆಂಟಿಆಕ್ಸಿಡೆಂಟ್ ಬೆರೆಸುವುದಕ್ಕೆಂದು ಆಮ್ಲಜನಕವನ್ನೇ ಗುಳ್ಳೆಗುಳ್ಳೆಯಾಗಿ ಹಾಯಿಸುವುದು ನನಗಂತೂ ಅರ್ಥವಾಗಿಲ್ಲ.

ಇನ್ನು ಆಯ್ಕೆ. ಟ್ಯಾಂಕು 75-80 ಡಿಗ್ರಿಯಲ್ಲಿದ್ದು ಮಾಲು ಬೇಗ ಗಟ್ಟಿಯಾಗಿ ಹೊರಹೋಗುವುದಾದರೆ ಬಿಎಚ್‌ಟಿ ಸಾಕು. ಅಗ್ಗ, ವಾಸನೆ ಕಡಿಮೆ, ಆಹಾರ ಬಳಕೆಗೂ ಪರಿಚಿತ. ಯೂರೋಪಿನ ಪಟ್ಟಿಯಲ್ಲಿ ಇ321. ಅದರ ದೌರ್ಬಲ್ಯ ಹಾರಿಹೋಗುವುದು. ಚಿಕ್ಕ ಅಣು, 120 ಡಿಗ್ರಿ ದಾಟಿದ ಲೇಪನ ಯಂತ್ರದ ತೆರೆದ ತೊಟ್ಟಿಯಲ್ಲಿ ಆವಿಯಾಗಿ ಜಾಗ ಖಾಲಿ ಮಾಡುತ್ತದೆ. ಮೇಣವನ್ನು ಹಾಟ್‌ಮೆಲ್ಟ್ ಅಂಟಿಗೋ ಬಿಸಿ ಲೇಪನಕ್ಕೋ ಬಳಸುವವರಿಗೆ ಕೊಡುವುದಾದರೆ ನಾನು ಭಾರವಾದ ಫೀನಾಲ್‌ಗಳಿಗೆ ಹೋಗುತ್ತೇನೆ. ಇರ್ಗನಾಕ್ಸ್ 1076 ನನ್ನ ಮೆಚ್ಚಿನದು: ಅಣುಭಾರ 531, 50 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಅದರ ಬಾಲವೇ 18 ಇಂಗಾಲದ ಸರಪಳಿಯಾದ್ದರಿಂದ ಮೇಣದಲ್ಲಿ ಮನೆಯವರಂತೆ ಬೆರೆಯುತ್ತದೆ. ಅದೇ ಹೆಸರಿನ 1010 ಇನ್ನೂ ಭಾರ, ಅಣುಭಾರ 1178, ಹಾರುವ ಮಾತೇ ಇಲ್ಲ. ಆದರೆ ಕರಗಲು 110 ಡಿಗ್ರಿಯ ಮೇಲೆ ಬೇಕು, ಮೂಲದ್ರಾವಣ ಮಾಡುವಾಗ ತಾಳ್ಮೆ ಬೇಕು. ಒಂದನ್ನು ಮರೆಯಬಾರದು: ಒಂದೊಂದು ಫೀನಾಲ್ ಗುಂಪಿನ ಪಾಲಿಗೆ ಬರುವ ಅಣುಭಾರ ಹೆಚ್ಚಿದಷ್ಟೂ ಅದೇ ತೂಕದಲ್ಲಿ ಸಿಗುವ ಗುಂಪುಗಳು ಕಡಿಮೆ. ಬಿಎಚ್‌ಟಿಯ ಅಣುಭಾರ 220. ಅದಕ್ಕೆ ಬದಲಾಗಿ 1076 ಹಾಕುವವರು ಗ್ರಾಂಗೆ ಗ್ರಾಂ ಲೆಕ್ಕ ಹಾಕಿದರೆ ಅರ್ಧಕ್ಕಿಂತ ಕಡಿಮೆ ಕಾವಲು ಇಟ್ಟಂತಾಗುತ್ತದೆ.

ಎರಡನೇ ಸಾಲಿನ ಕಾವಲು ಫಾಸ್ಫೈಟ್ ಮತ್ತು ಥಯೋಎಸ್ಟರ್‌ಗಳದ್ದು. ಇವು ರಾಡಿಕಲ್‌ಗಳ ಗೋಜಿಗೆ ಹೋಗದೆ ಹೈಡ್ರೋಪೆರಾಕ್ಸೈಡನ್ನೇ ನಿರುಪದ್ರವಿ ಆಲ್ಕೊಹಾಲ್ ಮಾಡಿಬಿಡುತ್ತವೆ. ಫೀನಾಲ್ ಜೊತೆ ಸೇರಿದಾಗ ಒಳ್ಳೆಯ ಜೋಡಿ. ಬಿಸಿ ಲೇಪನದ ಮಾಲಿಗೆ ಫೀನಾಲ್-ಫಾಸ್ಫೈಟ್ ಜೋಡಿಯಿಂದ ಬಣ್ಣ ಚೆನ್ನಾಗಿ ಉಳಿಯುವುದನ್ನು ಕಂಡಿದ್ದೇನೆ. ಆದರೆ ಫಾಸ್ಫೈಟಿಗೆ ನೀರು ಆಗದು, ಜಲವಿಚ್ಛೇದನೆಯಾಗಿ ಆಮ್ಲ ಬಿಡುತ್ತದೆ. ಬಿಸಿಮಾಡುವ ಹಬೆಯ ಸುರುಳಿ ಕೊಳವೆ, ಅಂದರೆ ಕಾಯಿಲ್, ಸೋರುವ ಟ್ಯಾಂಕಿನಲ್ಲಿ ಅದನ್ನು ನಂಬಲಾರೆ. ಥಯೋಎಸ್ಟರ್‌ಗಳಲ್ಲಿ ಗಂಧಕವಿರುವುದರಿಂದ ಪರಿಮಳದ ಮೇಣದಬತ್ತಿ, ಪ್ರಸಾಧನದ ಮೇಣಗಳಿಂದ ದೂರವಿಡುತ್ತೇನೆ. ಆರೋಮ್ಯಾಟಿಕ್ ಅಮೀನ್‌ಗಳು ಯಂತ್ರದೆಣ್ಣೆಯಲ್ಲಿ ಘಟಾನುಘಟಿಗಳು, ಬಿಳಿ ಮೇಣದಲ್ಲಿ ಅವೇ ಬಣ್ಣ ಕೆಡಿಸುತ್ತವೆ.

ಬಿಎಚ್‌ಟಿಯೂ ಹಳದಿ ತರಬಲ್ಲದು ಎಂಬುದು ಎಷ್ಟೋ ಜನಕ್ಕೆ ಹೊಸ ಸುದ್ದಿ. ತಾನು ಉತ್ಕರ್ಷಣಗೊಂಡು ಮುಗಿಯುವಾಗ ಅದರಿಂದ ಕ್ವಿನೋನ್ ಜಾತಿಯ ಹಳದಿ ಅಣುಗಳು ಹುಟ್ಟುತ್ತವೆ. ಎಂಜಿನ್ ಹೊಗೆಯ ನೈಟ್ರೋಜನ್ ಆಕ್ಸೈಡ್ ತಗುಲಿದರೂ ಇದೇ ಗತಿ. ಆದ್ದರಿಂದ ಗೋದಾಮಿನೊಳಗೆ ಡೀಸೆಲ್ ಫೋರ್ಕ್‌ಲಿಫ್ಟ್ ಓಡಿಸುವುದಕ್ಕೆ ನನ್ನ ವಿರೋಧವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ‘ಇರಲಿ’ ಎಂದು ನಾಲ್ಕು ಪಟ್ಟು ಸುರಿಯುವ ಧಾರಾಳಕ್ಕೂ. ಆಹಾರಕ್ಕೆ ತಾಗುವ ಮೇಣದಲ್ಲಿ ಅದು ನಿಯಮಕ್ಕೂ ವಿರುದ್ಧ. ಪೆಟ್ರೋಲಿಯಂ ಮೇಣದ ಕುರಿತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ನಿಯಮ 172.886ರ ಪ್ರಕಾರ, ಆಹಾರದಲ್ಲಿ ಅನುಮತಿಯಿರುವ ಆಂಟಿಆಕ್ಸಿಡೆಂಟ್ ಮಾತ್ರ, ಅದೂ ಉದ್ದೇಶಿತ ಪರಿಣಾಮಕ್ಕೆ ಬೇಕಾದಷ್ಟೇ. ಕೊಳ್ಳುವವರಿಗೆ ಏನು ಹಾಕಿದ್ದೇವೆ, ಎಷ್ಟು ಹಾಕಿದ್ದೇವೆ ಎಂದು ಬರೆದು ಕೊಡುತ್ತೇನೆ, ಏಕೆಂದರೆ ಅವರೂ ತಮ್ಮ ಪಾಲಿನದ್ದನ್ನು ಸೇರಿಸುವವರೇ.

ಟ್ಯಾಂಕಿನ ವಿಷಯದಲ್ಲಿ ನಾನು ಜಿಪುಣ. ಸರಾಸರಿ ತಾಪ ತೋರಿಸುವ ಥರ್ಮಾಮೀಟರ್ 80 ಎನ್ನುತ್ತಿರುತ್ತದೆ. ಹೆಚ್ಚು ಒತ್ತಡದ ಹಬೆ ಹಾಯುವ ಕಾಯಿಲಿನ ಮೈಮೇಲೆ 140-150 ಇರಬಹುದು. ಮೇಣ ಕೆಡುವುದು ಆ ಮೈಮೇಲೆ. ಸ್ಥೂಲವಾಗಿ ಪ್ರತಿ 10 ಡಿಗ್ರಿಗೆ ಉತ್ಕರ್ಷಣದ ವೇಗ ಎರಡು ಪಟ್ಟಾಗುತ್ತದೆ ಎಂಬ ಲೆಕ್ಕ ಹಿಡಿದರೆ ಅಲ್ಲಿನ ಪರಿಸ್ಥಿತಿ ಊಹಿಸಿಕೊಳ್ಳಿ. ಬಿಸಿನೀರಿನ ಹೊದಿಕೆಯೋ ಕಡಿಮೆ ಒತ್ತಡದ ಹಬೆಯೋ ಆದರೆ ಅರ್ಧ ಕೆಲಸ ಆದಂತೆ. ಕರಗುವ ಬಿಂದುವಿಗಿಂತ 10-15 ಡಿಗ್ರಿ ಹೆಚ್ಚು, ಅದಕ್ಕಿಂತ ಬಿಸಿ ಬೇಡ. ತುಂಬುವ ಪೈಪು ತಳದವರೆಗೆ ಇಳಿದಿರಲಿ. ಮೇಲಿಂದ ಧುಮುಕುವ ಮೇಣ ಗಾಳಿಯನ್ನು ಬಾಚಿಕೊಂಡೇ ಬೀಳುತ್ತದೆ. ಮೇಲ್ಗಡೆ ಸಾರಜನಕದ ಹೊದಿಕೆ ಇರಲಿ, ಆದರೆ ದ್ರವದೊಳಗೆ ಸಾರಜನಕ ಹಾಯಿಸುತ್ತಲೇ ಇದ್ದರೆ ಅದು ಬಿಎಚ್‌ಟಿಯನ್ನೂ ಹೊತ್ತೊಯ್ಯುತ್ತದೆ. ತಾಮ್ರ, ಹಿತ್ತಾಳೆ ಎಲ್ಲೂ ಬೇಡ. ಒಂದು ಹಿತ್ತಾಳೆ ವಾಲ್ವಿನಿಂದ ಬರುವ ಅತ್ಯಲ್ಪ ತಾಮ್ರವೂ ಹೈಡ್ರೋಪೆರಾಕ್ಸೈಡನ್ನು ಒಡೆಯುತ್ತಲೇ ಇರುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ. ಲೋಹವನ್ನು ಕಟ್ಟಿಹಾಕುವ ಸೇರ್ಪಡೆಗಳು ಸಿಗುತ್ತವೆ, ಆದರೂ ವಾಲ್ವ್ ಬದಲಿಸುವುದೇ ನನಗೆ ಸರಿ ಕಾಣುತ್ತದೆ.

ಪರೀಕ್ಷೆಯಲ್ಲಿ ಮೂಗನ್ನು ನಾನು ಉಪಕರಣಕ್ಕಿಂತ ಮೊದಲು ನಂಬುತ್ತೇನೆ. ಪರೀಕ್ಷಾ ಮಾನಕಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಡಿ1833 ಪದ್ಧತಿಯೂ ಅದನ್ನೇ ಮಾಡುತ್ತದೆ: ಮೇಣವನ್ನು ತೆಳುವಾಗಿ ಹೆರೆದು, ಹಲವರು ಮೂಸಿ, 0ಯಿಂದ 4ರವರೆಗೆ ಅಂಕ ಕೊಡುವುದು. ಬಣ್ಣಕ್ಕೆ ಸೇಬೋಲ್ಟ್ ಅಳತೆ, +30 ಎಂದರೆ ನೀರಿನಷ್ಟು ತಿಳಿ. ಪೆರಾಕ್ಸೈಡ್ ಸಂಖ್ಯೆಗೆ ಡಿ1832. ಪೊಟ್ಯಾಸಿಯಂ ಅಯೊಡೈಡಿನಿಂದ ಬಿಡುಗಡೆಯಾದ ಅಯೊಡಿನ್ನನ್ನು ಥಯೋಸಲ್ಫೇಟಿನಿಂದ ಅಳೆಯುವುದು. ಇಲ್ಲೊಂದು ಬಲೆಯಿದೆ. ಪೆರಾಕ್ಸೈಡ್ ಏರುತ್ತ ಹೋಗಿ, ತುತ್ತತುದಿ ಮುಟ್ಟಿ, ಮತ್ತೆ ಇಳಿಯುತ್ತದೆ, ಏಕೆಂದರೆ ಒಂದು ಹಂತದ ನಂತರ ಹುಟ್ಟುವುದಕ್ಕಿಂತ ಒಡೆಯುವುದು ಹೆಚ್ಚು. ಕಡಿಮೆ ಸಂಖ್ಯೆ ಬಂದಿದ್ದಕ್ಕೆ ಮಾಲು ತಾಜಾ ಎಂದುಕೊಳ್ಳುವ ಹಾಗಿಲ್ಲ. ಬಣ್ಣ, ಆಮ್ಲಸಂಖ್ಯೆ ಜೊತೆಗಿಟ್ಟು ಓದಬೇಕು.

ಹೊಸ ಸೇರ್ಪಡೆಯನ್ನು ತೂಗಿ ನೋಡಲು ಒಂದೇ ಮೇಣದ ಮಾದರಿಗಳನ್ನು, ಹಾಕಿದ್ದು ಮತ್ತು ಹಾಕದ್ದು, ಗಾಜಿನ ಬೀಕರುಗಳಲ್ಲಿ ಓವನ್ನಿನೊಳಗೆ ಇಡುತ್ತೇನೆ. ಬೇಗ ಉತ್ತರ ಬೇಕೆಂದು 120ರಲ್ಲಿ ಇಟ್ಟರೆ ಬಿಎಚ್‌ಟಿ ಪ್ರತಿಸಲ ಸೋತಂತೆ ಕಾಣುತ್ತದೆ, ಕಾದಾಡುವ ಮೊದಲೇ ಬೀಕರಿನಿಂದ ಅದು ಹಾರಿಹೋಗಿರುತ್ತದೆ. 80ರ ಮುಚ್ಚಿದ ಟ್ಯಾಂಕಿನಲ್ಲಿ ಅದರ ನಡತೆಯೇ ಬೇರೆ. ಮಾರಾಟಕ್ಕೆ ಬಂದವರು ತೋರಿಸುವ ರೇಖಾಚಿತ್ರದಲ್ಲಿ ನಾನು ಮೊದಲು ಹುಡುಕುವುದು ತಾಪವನ್ನು, ಆಮೇಲೆ ಪಾತ್ರೆ ಮುಚ್ಚಿತ್ತೇ ತೆರೆದಿತ್ತೇ ಎಂಬುದನ್ನು.

ಕೊನೆಯದಾಗಿ, ತಳದಲ್ಲಿ ಉಳಿಯುವ ಹಳೇ ಮೇಣ. ಪಂಪ್ ಎಳೆಯಲಾರದೆ ಉಳಿದ ಆ ಗೇಣುದ್ದದ ಪದರ ತಿಂಗಳುಗಟ್ಟಲೆ ಕಾಯಿಲಿನ ಬಿಸಿಗೆ ಬೇಯುತ್ತಿರುತ್ತದೆ. ಅದರ ಮೇಲೆ ಹೊಸ ಮಾಲು ಸುರಿದರೆ ಪೆರಾಕ್ಸೈಡಿನ ಹೆಪ್ಪು ಹಾಕಿದಂತೆ, ಎಷ್ಟೇ ಬಿಎಚ್‌ಟಿ ಹಾಕಿದರೂ ಲೆಕ್ಕಕ್ಕೆ ಬರುವುದಿಲ್ಲ. ತುಂಬುವ ಮುಂಚೆ ತಳದ ವಾಲ್ವ್ ತೆರೆಸಿ, ಆ ಉಳಿಕೆಯನ್ನು ಬೇರೆ ಡ್ರಮ್ಮಿಗೆ ಇಳಿಸಿ ಜೇಡಿಯ ಸೋಸುವಿಕೆಗೆ ವಾಪಸು ಕಳಿಸುತ್ತೇನೆ. ಅಲ್ಲಿ ಬಣ್ಣ ತಿಳಿಯಾಗಿ ಬಂದರೂ ಅದನ್ನು ಪೂರ್ಣ ಸಂಸ್ಕರಿಸಿದ ಮಾಲಿಗೆ ಮತ್ತೆ ಬೆರೆಸುವುದಿಲ್ಲ. ಬಣ್ಣ, ವಾಸನೆಗಳ ಹಂಗಿಲ್ಲದ ಬಳಕೆಗೆ ಬೇರೆಯಾಗಿಯೇ ಹೋಗುತ್ತದೆ.