ನೆಟ್ ಪದೇ ಪದೇ ಹೋಗ್ತಿದ್ರೆ ಮೊದಲು ದೀಪ ನೋಡಿ

ಮನೆಯಲ್ಲಿ ಫೈಬರ್ ಬ್ರಾಡ್‌ಬ್ಯಾಂಡ್ ಇರುವವರಿಗೆ ಒಂದು ಸಲಹೆ. ನೆಟ್ ಹೋದ ತಕ್ಷಣ ರೂಟರ್ ಆಫ್ ಮಾಡಬೇಡಿ. ಅದರ ಮೇಲಿನ ದೀಪಗಳ ಫೋಟೋ ತೆಗೆದಿಟ್ಟುಕೊಳ್ಳಿ. ಟೆಕ್ನಿಷಿಯನ್ ಬಂದಾಗ ನೆಟ್ ಸರಿಯಾಗಿಯೇ ಇರುತ್ತದೆ, ಅಲ್ವಾ? ಆಗ ತೋರಿಸೋಕೆ ಆ ಫೋಟೋ ಬೇಕು.

'ಎಲ್‌ಒಎಸ್' ದೀಪ ಕೆಂಪಾಗಿದ್ದರೆ ಸಿಗ್ನಲ್ಲೇ ಮನೆಗೆ ಬರುತ್ತಿಲ್ಲ. ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ. ರೂಟರ್‌ಗೆ ಬರುವ ತೆಳ್ಳನೆಯ ಫೈಬರ್ ವೈರು ಟೀವಿ ಸ್ಟ್ಯಾಂಡ್ ಹಿಂದೆ ಮಡಚಿಕೊಂಡಿದೆಯಾ, ಕಿಟಕಿ ಸಂದಿಯಲ್ಲಿ ಸಿಕ್ಕಿಕೊಂಡಿದೆಯಾ ನೋಡಿ. ಒಳಗಿರುವುದು ಗಾಜಿನ ಎಳೆ. ಜಾಸ್ತಿ ಬಗ್ಗಿದರೆ ಬೆಳಕು ಸೋರಿಹೋಗುತ್ತದೆ. ವೈರನ್ನು ಸಡಿಲವಾಗಿ, ದೊಡ್ಡ ಸುತ್ತಾಗಿ ಬಿಡಿ. ಪಿನ್ ಬಿಚ್ಚಬೇಡಿ, ತುದಿಗೆ ಧೂಳು ಕೂತರೂ ಸಿಗ್ನಲ್ ಬೀಳುತ್ತದೆ. ತುದಿಯೊಳಗೆ ಕಣ್ಣಿಟ್ಟಂತೂ ನೋಡಲೇಬೇಡಿ. ಬರುವುದು ಕಣ್ಣಿಗೆ ಕಾಣದ ಲೇಸರ್.

ಟೆಕ್ನಿಷಿಯನ್ ಬಂದರೆ ಪವರ್ ಮೀಟರ್ (ವೈರಿನಲ್ಲಿ ಬರುವ ಬೆಳಕಿನ ಬಲ ಅಳೆಯುವ ಸಾಧನ) ಇಟ್ಟು ಸಿಗ್ನಲ್ ಎಷ್ಟು ಬರುತ್ತಿದೆ ನೋಡಿ ಹೇಳಲು ಕೇಳಿ. ಸಾಮಾನ್ಯವಾಗಿ ಮೈನಸ್ 20 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 27ರ ಹತ್ತಿರ ಇದ್ದರೆ ಸಿಗ್ನಲ್ ತುಂಬಾ ಕಡಿಮೆ, ನೆಟ್ ಆಗಾಗ ಹೋಗೋದು ಸಹಜ. ಹೊರಗಿನ ಜಾಯಿಂಟ್ ನೋಡಲು ಹೇಳಿ.

ಎಲ್ಲ ದೀಪವೂ ಒಮ್ಮೆಲೇ ಆರಿ ಹತ್ತುತ್ತಿದ್ದರೆ ಅಡಾಪ್ಟರ್ ಕಡೆ ನೋಡಿ. ಅಷ್ಟೇ ವೋಲ್ಟ್, ಅಷ್ಟೇ ಆಂಪಿಯರ್ ಇರುವ ಬೇರೆ ಅಡಾಪ್ಟರ್ ಹಾಕಿ ನೋಡಬಹುದು.

ದೀಪಗಳೆಲ್ಲ ಸರಿ ಇದ್ದು ಮೊಬೈಲಲ್ಲಿ ಮಾತ್ರ ನೆಟ್ ಹೋಗುತ್ತಿದೆಯಾ? ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕಿ ಸ್ವಲ್ಪ ಹೊತ್ತು ನೋಡಿ. ಅದರಲ್ಲಿ ನಿಲ್ಲದೆ ಬಂದರೆ ತೊಂದರೆ ವೈಫೈದು. ಅಕ್ಕಪಕ್ಕದ ಮನೆಗಳ ವೈಫೈ ಅಡ್ಡ ಬರುವುದರಿಂದ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಜಾಸ್ತಿ. ರೂಟರ್ ಸೆಟ್ಟಿಂಗ್‌ನಲ್ಲಿ 2.4 ಗಿಗಾಹರ್ಟ್ಸ್ ವೈಫೈನ ಚಾನೆಲ್ ಅನ್ನು 1, 6 ಅಥವಾ 11ಕ್ಕೆ ಬದಲಿಸಿ. ರೂಟರ್ ಹತ್ತಿರ ಕೂತು ಕೆಲಸ ಮಾಡುವವರು 5 ಗಿಗಾಹರ್ಟ್ಸ್ ವೈಫೈಗೆ ಹೋಗಿ.