ಪ್ಯಾಂಕ್ರಿಯಾಟೈಟಿಸ್‌ಗೆ ‘ಸಿವಿಯರ್’ ಅಂತ ಬರೆಯುವ ಮುನ್ನ

ರೌಂಡ್ಸ್‌ನಲ್ಲಿ ಪದೇ ಪದೇ ಕೇಳುವ ಮಾತು: “ಸರ್, ಲೈಪೇಸ್ 3000 ಇದೆ, ಸಿವಿಯರ್ ಪ್ಯಾಂಕ್ರಿಯಾಟೈಟಿಸ್.” ತಪ್ಪು. ಲೈಪೇಸ್ ಅಂದರೆ ಮೇದೋಜೀರಕ ಗ್ರಂಥಿಯ ಕಿಣ್ವ; ಆ ಅಂಕಿಯಿಂದ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್, ಇದೆ ಅಂತ ಗೊತ್ತಾಗುತ್ತದೆ, ಎಷ್ಟು ಜೋರು ಅಂತಲ್ಲ. 600 ಇದ್ದವರು ಐಸಿಯು ಸೇರಿದ್ದನ್ನೂ, 3000 ಇದ್ದವರು ನಾಲ್ಕನೇ ದಿನ ಇಡ್ಲಿ ತಿಂದು ಮನೆಗೆ ಹೋದದ್ದನ್ನೂ ನೋಡಿದ್ದೇನೆ.

ಮೊದಲು ರೋಗ ಖಚಿತ ಮಾಡಿ. ಮೂರರಲ್ಲಿ ಎರಡು ಸಿಕ್ಕರೆ ಸಾಕು: ಮೇಲ್ಹೊಟ್ಟೆಯಲ್ಲಿ ಎದ್ದು ಬೆನ್ನಿಗೆ ಹೋಗುವ ಜೋರು ನೋವು, ಲ್ಯಾಬ್‌ನ ಮೇಲ್ಮಿತಿಗಿಂತ ಮೂರು ಪಟ್ಟು ಏರಿದ ಲೈಪೇಸ್ ಅಥವಾ ಅಮೈಲೇಸ್ (ಇದೇ ಗ್ರಂಥಿಯ ಇನ್ನೊಂದು ಕಿಣ್ವ), ಸ್ಕ್ಯಾನ್‌ನಲ್ಲಿ ಲಕ್ಷಣ. ಲೈಪೇಸ್ ಒಂದನ್ನೇ ಕಳಿಸಿ. ಅಮೈಲೇಸ್ ಬೇಗ ಇಳಿಯುತ್ತದೆ, ರಕ್ತದ ಕೊಬ್ಬು ಟ್ರೈಗ್ಲಿಸರೈಡ್ ತುಂಬಾ ಜಾಸ್ತಿ ಇದ್ದರೆ ನಾರ್ಮಲ್ ಅಂತಲೂ ಬರಬಹುದು. ನೋವು, ಲೈಪೇಸ್ ಎರಡೂ ಹೊಂದಿದರೆ ಮೊದಲ ದಿನವೇ ಸಿ.ಟಿ.ಗೆ ಕಳಿಸಬೇಡಿ; ಗ್ರಂಥಿಯ ಸತ್ತ ಭಾಗ ಅಷ್ಟು ಬೇಗ ಸರಿಯಾಗಿ ಕಾಣುವುದಿಲ್ಲ. ಪಿತ್ತಕೋಶದ ಕಲ್ಲಿಗೆ ಅಲ್ಟ್ರಾಸೌಂಡ್ ಮಾತ್ರ ಮಾಡಿಸಲೇಬೇಕು.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಈ ಕಾಯಿಲೆಯ ತೀವ್ರತೆ ವಿಂಗಡಿಸುವ 1992ರ ಅಟ್ಲಾಂಟಾ ವರ್ಗೀಕರಣದಲ್ಲಿ ಮೈಲ್ಡ್, ಸಿವಿಯರ್ ಎರಡೇ ಇದ್ದವು. 2012ರಲ್ಲಿ ತಿದ್ದಿದಾಗ ನಡುವೆ ‘ಮಾಡರೇಟ್ಲಿ ಸಿವಿಯರ್’ ಸೇರಿತು. ಶ್ವಾಸಕೋಶ, ರಕ್ತಪರಿಚಲನೆ, ಕಿಡ್ನಿ, ಈ ಮೂರನ್ನೂ ದಿನಾ ನೋಡಿ. ಪಿ/ಎಫ್ ರೇಶಿಯೋ (ರಕ್ತದ ಆಮ್ಲಜನಕದ ಒತ್ತಡವನ್ನು ಉಸಿರಾಡುವ ಗಾಳಿಯ ಆಮ್ಲಜನಕದ ಪಾಲಿನಿಂದ ಭಾಗಿಸಿದ ಅಂಕಿ) 300 ಅಥವಾ ಅದಕ್ಕಿಂತ ಕಡಿಮೆ, ಡ್ರಿಪ್ ಕೊಟ್ಟರೂ ಏರದೆ 90ರ ಕೆಳಗೇ ನಿಂತ ಮೇಲಿನ ಬಿ.ಪಿ., ಮೊದಲು ಕಿಡ್ನಿ ತೊಂದರೆ ಇಲ್ಲದವರಲ್ಲಿ 1.9 ಮಿ.ಗ್ರಾಂ/ಡೆ.ಲೀ. ದಾಟಿದ ಕ್ರಿಯಾಟಿನೈನ್ (ಕಿಡ್ನಿ ಕೆಲಸ ತೋರುವ ರಕ್ತಪರೀಕ್ಷೆ), ಇವುಗಳಲ್ಲಿ ಒಂದಿದ್ದರೂ ಅಂಗ ವೈಫಲ್ಯ. ಅದು ಶುರುವಾದ ಗಂಟೆಯನ್ನು ಕೇಸ್ ಶೀಟ್‌ನ ತಲೆಯಲ್ಲೇ ಕೆಂಪು ಪೆನ್ನಿನಲ್ಲಿ ಬರೆಯಿರಿ. 48 ಗಂಟೆಯೊಳಗೆ ಸರಿಹೋದರೆ ಮಾಡರೇಟ್ಲಿ ಸಿವಿಯರ್, ದಾಟಿದರೆ ಸಿವಿಯರ್. ವೈಫಲ್ಯ ಇಲ್ಲದಿದ್ದರೂ ಗ್ರಂಥಿಯ ಸುತ್ತ ನೀರು ಸೇರಿದರೆ, ಹಳೆಯ ಹೃದ್ರೋಗ ಕೆರಳಿದರೆ ಅದೂ ಮಾಡರೇಟ್ಲಿ ಸಿವಿಯರ್. ಇವು ಯಾವುದೂ ಇಲ್ಲ ಅಂದರೆ ಮೈಲ್ಡ್. ಮೊಬೈಲ್ ಆ್ಯಪ್ ಇವತ್ತಿನ ಅಂಕಿ ಕೂಡಿಸಿ ಸ್ಕೋರ್ ಕೊಡುತ್ತದೆ, ಆದರೆ ಗಂಟೆಯ ಲೆಕ್ಕ ನಾವೇ ಇಡಬೇಕು.

ಹಾಗಾದರೆ ಮೊದಲ ದಿನ ಏನು ಬರೆಯುವುದು? ವೈಫಲ್ಯ ಕಂಡಿದ್ದರೆ ‘ಅಂಗ ವೈಫಲ್ಯ ಇದೆ’ ಅಂತ ಬರೆಯಿರಿ, ಚಿಕಿತ್ಸೆ ಮಾತ್ರ ಸಿವಿಯರ್ ಅಂತಲೇ ಕೊಡಿ, ಕಾಯಬೇಡಿ. 24 ಗಂಟೆಗೆ, 48 ಗಂಟೆಗೆ, ಏಳನೇ ದಿನಕ್ಕೆ ಮತ್ತೆ ವಿಂಗಡಿಸಿ.

ನೋವು ಶುರುವಾದ ದಿನವನ್ನೂ ಕೇಳಿ ಬರೆದಿಡಿ. ಬೇರೆ ಆಸ್ಪತ್ರೆಯಲ್ಲಿ ಐದು ದಿನ ಇದ್ದು ಬಂದವರಿಗೆ ನಮ್ಮ ಅಡ್ಮಿಷನ್ ದಿನದಿಂದ ಎಣಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ, ಅಲ್ವಾ? ಎರಡನೇ ವಾರದ ಸಿ.ಟಿ.ಯಲ್ಲಿ ನೀರು ಕಂಡ ಕೂಡಲೇ ‘ಸೂಡೋಸಿಸ್ಟ್’ ಅಂತ ಬರೆದು ಸೂಜಿ ಹಾಕಲು ಹೊರಡುವವರಿದ್ದಾರೆ. ಆ ಹೆಸರಿಗೆ ಸಾಮಾನ್ಯವಾಗಿ ನಾಲ್ಕು ವಾರ ದಾಟಿರಬೇಕು, ಸುತ್ತ ಗೋಡೆ ಕಟ್ಟಿರಬೇಕು, ಒಳಗೆ ಸತ್ತ ಅಂಗಾಂಶ ಇರಬಾರದು.