ಕ್ವಾಲಿಸ್ ಕ್ಲಚ್: ಗೇರ್ ಬಾಕ್ಸ್ ಇಳಿಸದೆ ಸರಿ ಮಾಡಿದ್ದು

ಗೇರ್ ಬಾಕ್ಸ್ ಇಳಿಸದೆ ಈ ಗಾಡಿಯ ಕ್ಲಚ್ ಸರಿಹೋಗಲ್ಲ ಅಂತ ನಮ್ಮ ಕಡೂರಿನಲ್ಲಿ ಕೇಳಿದವರೆಲ್ಲ ಹೇಳಿದ್ದರು. ನಾನು ಇಳಿಸಲಿಲ್ಲ. ಕ್ಲಚ್ ಪ್ಲೇಟ್ ಮುಟ್ಟಲೇ ಇಲ್ಲ. ಈಗ ಎರಡು ಮಳೆಗಾಲ ಕಳೆದಿದೆ. ಗಾಡಿ ಚಾರ್ಮಾಡಿ ಘಾಟಿ ಇಳಿದು ಹತ್ತಿ ಬರುತ್ತಿದೆ, ರಿವರ್ಸ್ ಗೇರ್ ಸದ್ದಿಲ್ಲದೆ ಬೀಳುತ್ತಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ ನನ್ನದೇ. 2003ರ ಟೊಯೋಟಾ ಕ್ವಾಲಿಸ್, 2.4 ಲೀಟರ್ ಡೀಸೆಲ್, ಬಿಡದಿಯಲ್ಲಿ ತಯಾರಾದದ್ದು. 2005ರಲ್ಲಿ ಇನ್ನೋವಾ ಬಂದ ಮೇಲೆ ಕ್ವಾಲಿಸ್ ನಿಂತೇ ಹೋಯಿತು. ಇಂಜಿನ್ ಇನ್ನೂ ಗಟ್ಟಿಯಾಗಿದೆ. ಆದರೆ ರಬ್ಬರ್ ಸಾಮಾನುಗಳ ಆಯಸ್ಸು ಅಷ್ಟಿರಲ್ಲ ಅಲ್ವಾ?

ತೊಂದರೆ ಹೀಗಿತ್ತು. ಬೆಳಿಗ್ಗೆ ಎಲ್ಲಾ ಸರಿ. ಘಾಟಿ ಹತ್ತಿ ಗಾಡಿ ಬಿಸಿಯಾದ ಮೇಲೆ ಕ್ಲಚ್ ಪೂರ್ತಿ ಕಟ್ ಆಗುತ್ತಿರಲಿಲ್ಲ, ಅಂದರೆ ಪೆಡಲ್ ತುಳಿದರೂ ಇಂಜಿನ್ನಿಂದ ಗೇರ್ ಬಾಕ್ಸ್ ಪೂರ್ತಿ ಬಿಡುತ್ತಿರಲಿಲ್ಲ. ರಿವರ್ಸ್ ಹಾಕಿದರೆ ಕರ್ ಅನ್ನುತ್ತಿತ್ತು. ನಿಂತಲ್ಲಿ ಫಸ್ಟ್ ಗೇರ್ ಬೀಳುತ್ತಿರಲಿಲ್ಲ. ಎರಡು ಮೂರು ಸಲ ಪೆಡಲ್ ಪಂಪ್ ಮಾಡಿದರೆ ಬೀಳುತ್ತಿತ್ತು. ಈ ಗಾಡಿಯಲ್ಲಿ ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ಪೈಪಿನಲ್ಲಿ ತಳ್ಳುತ್ತದೆ, ಕೆಳಗಿನ ಸ್ಲೇವ್ ಸಿಲಿಂಡರ್ ಆ ಒತ್ತಡದಿಂದ ಫೋರ್ಕ್ ಎಂಬ ಸನ್ನೆಯನ್ನು ದೂಡಿ ಕ್ಲಚ್ ಬಿಡಿಸುತ್ತದೆ. ಇಷ್ಟು ಕೇಳಿದರೆ ಸಾಕು, ಕೆಲಸ ಗೊತ್ತಿರುವವರಿಗೆ ಅನುಮಾನ ಎಣ್ಣೆಯ ಕಡೆಗೇ ಹೋಗಬೇಕು. ಪ್ಲೇಟ್ ಅಥವಾ ಫೋರ್ಕ್ ಕೆಟ್ಟಿದ್ದರೆ ಪಂಪ್ ಮಾಡಿದ ಮಾತ್ರಕ್ಕೆ ಗೇರ್ ಬೀಳಲ್ಲ. ಟಾಪ್ ಗೇರಿನಲ್ಲಿ ಏರು ಹತ್ತಿಸಿದರೂ, ಪ್ಲೇಟ್ ಸವೆದಿದ್ದರೆ ಆಗುವ ಸ್ಲಿಪ್ (ಜಾರುವಿಕೆ) ಇರಲಿಲ್ಲ. ಆದರೂ ಎಲ್ಲರೂ ಕೊಟ್ಟ ಲೆಕ್ಕ ಒಂದೇ: ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಮಜೂರಿ ಸೇರಿ 15,000 ರೂಪಾಯಿ ಆಸುಪಾಸು.

ನನ್ನ ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ಕೆಲಸವೇ ಜಾಸ್ತಿ. ಅದಕ್ಕೇ ಈ ಗಾಡಿಯ ಕ್ಲಚ್ ಮೊದಲೇ ಬೇರೆಯವರ ಕೈಗೆ ಹೋಗಿ ಬಂದಿತ್ತು. ಒಬ್ಬರು ಮಾಸ್ಟರ್ ಸಿಲಿಂಡರಿಗೆ ಕಿಟ್ (ಒಳಗಿನ ರಬ್ಬರ್ ಸಾಮಾನು) ಹಾಕಿದ್ದರು, ಮಜೂರಿ ಸೇರಿ 600 ಚಿಲ್ಲರೆ. ತಿಂಗಳು ಬಂತು ಅಷ್ಟೇ. ಇನ್ನೊಬ್ಬರು ಅದನ್ನೇ ಮತ್ತೆ ಮಾಡಿದರು. ಅದೂ ನಿಲ್ಲಲಿಲ್ಲ. ಮೂರನೆಯವರು ಪೆಡಲ್ ರಾಡ್ (ಪೆಡಲಿನಿಂದ ಮಾಸ್ಟರನ್ನು ಒತ್ತುವ ಕಡ್ಡಿ) ಉದ್ದ ಮಾಡಿ ಕಳಿಸಿದರು. ಸ್ವಲ್ಪ ದಿನ ಗೇರ್ ಚೆನ್ನಾಗಿ ಬಿತ್ತು. ಈ ರಾಡ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಾನು ಶುರು ಮಾಡಿದ್ದು ಸ್ಟೀಲ್ ಸ್ಕೇಲಿನಿಂದ. ಕ್ವಾಲಿಸ್‌ನಲ್ಲಿ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಕವಚ) ಹೊರಗೇ ಇದೆ, ಮಲಗಿದರೆ ಕಾಣುತ್ತದೆ. ಹುಡುಗನಿಗೆ ಪೆಡಲ್ ತುಳಿಯಲು ಹೇಳಿ ಸ್ಲೇವ್ ರಾಡ್ ಎಷ್ಟು ಓಡುತ್ತದೆ ಅಂತ ಅಳೆದೆ. ತಣ್ಣಗಿದ್ದಾಗ 9 ಮಿ.ಮೀ. ಹತ್ತಿರ, ಬಿಸಿಯಾದ ಮೇಲೆ 7. ಪಕ್ಕದ ಊರಿನ ಒಳ್ಳೆ ಕ್ವಾಲಿಸ್ ಒಂದರಲ್ಲಿ ಅಳೆದರೆ 14ರ ಮೇಲೆ ಬಂತು. ಫೋರ್ಕ್‌ಗೆ ಬರಬೇಕಾದ ಓಟವೇ ಬರುತ್ತಿಲ್ಲ ಅಂದಮೇಲೆ ಗೇರ್ ಬಾಕ್ಸ್ ಯಾಕೆ ಇಳಿಸಬೇಕು? ಇಷ್ಟು ಅಳೆಯಲು ಹತ್ತು ನಿಮಿಷ ಸಾಕು. ಯಾರೂ ಅಳೆದಿರಲಿಲ್ಲ.

ಆಮೇಲೆ ಮಾಸ್ಟರ್ ಪರೀಕ್ಷೆ. ಹಳೆಯ ಪೈಪಿನ ನಟ್ಟಿನ ತೂತನ್ನು ಬ್ರೇಜಿಂಗ್ ಮಾಡಿ ಮುಚ್ಚಿ ಒಂದು ಪ್ಲಗ್ ಮಾಡಿಕೊಂಡೆ. ಮಾಸ್ಟರಿನಿಂದ ಪೈಪ್ ಬಿಚ್ಚಿ, ಆ ಜಾಗಕ್ಕೆ ಪ್ಲಗ್ ಹಾಕಿ, ಒಳಗಿನ ಏರ್ (ಗಾಳಿ) ತೆಗೆದು ಪೆಡಲ್ ತುಳಿದೆ. ಮಾಸ್ಟರ್ ಸರಿಯಿದ್ದರೆ ಪೆಡಲ್ ಮೇಲೇ ಗಟ್ಟಿಯಾಗಿ ನಿಲ್ಲಬೇಕು. ನನ್ನದು ನಿಂತು, ಆಮೇಲೆ ನಿಧಾನಕ್ಕೆ ಕೆಳಗಿಳಿಯಿತು. ಹೊರಗೆ ಒಂದು ಹನಿ ಸೋರಿಕೆ ಇಲ್ಲ, ಮಾಸ್ಟರಿಗೆ ಎಣ್ಣೆ ಕೊಡುವ ಡಬ್ಬಿಯಲ್ಲಿ ಎಣ್ಣೆಯೂ ಕಡಿಮೆಯಾಗಿಲ್ಲ. ಎಣ್ಣೆ ಕಪ್ (ಪಿಸ್ಟನ್ ಮೇಲಿನ ರಬ್ಬರ್ ಸೀಲ್) ದಾಟಿ ಒಳಗಿನಿಂದಲೇ ಡಬ್ಬಿಗೆ ವಾಪಸ್ ಹೋಗುತ್ತಿತ್ತು. ಬಿಚ್ಚಿ ನೋಡಿದರೆ, ಸಿಲಿಂಡರಿನ ಒಳಗೋಡೆ ಅಂದರೆ ಬೋರ್‌ನಲ್ಲಿ ಸಣ್ಣ ಸಣ್ಣ ಗುಳಿಗಳು. ಅಂಥ ಬೋರ್‌ಗೆ ಎಷ್ಟು ಕಿಟ್ ಹಾಕಿದರೂ ಕಪ್‌ನ ಅಂಚು ತಿಂದುಹಾಕುತ್ತದೆ. ಹೋನ್ ಮಾಡಿಸಿ (ಒಳಗೋಡೆ ಉಜ್ಜಿ ನಯ ಮಾಡಿಸಿ) ನೋಡೋಣ ಅಂತ ಲೇತ್‌ಗೂ ಒಯ್ದೆ. ಗುಳಿ ಹೋಗುವಷ್ಟು ತೆಗೆದರೆ ಕಪ್ ಸಡಿಲ ಆಗುತ್ತದೆ. ಆ 200 ರೂಪಾಯಿ ಹೋಯಿತು.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಪೂರ್ತಿ ಮಾಸ್ಟರ್ ತರಿಸಿದೆ, 1,800 ಇರಬೇಕು. ಸ್ಲೇವ್ 900. ನಡುವಿನ ರಬ್ಬರ್ ಹೋಸ್ 400ರ ಒಳಗೆ. ಅಂಗಡಿ ಯಾವುದು ಅಂತ ಇಲ್ಲಿ ಹೇಳಲ್ಲ, ಅಲ್ಲಿ ಸ್ಟಾಕ್ ಇರುವುದೇ ಕಡಿಮೆ.

ಹೋಸ್ ಬಗ್ಗೆ ಒಂದು ಮಾತು. ಅದನ್ನು ಬದಲಿಸುವ ಮೊದಲು ಕುತೂಹಲಕ್ಕೆ ವರ್ನಿಯರ್ ಹಿಡಿದು ನೋಡಿದೆ. ಪೆಡಲ್ ತುಳಿದಾಗ ಹಳೆಯ ಹೋಸ್ ಅರ್ಧ ಮಿ.ಮೀ. ಊದುತ್ತಿತ್ತು. ಅದರ ಮೇಲೆ ಬಿಸಿನೀರಿನ ಬಟ್ಟೆ ಸುತ್ತಿ ನೋಡಿದರೆ ಇನ್ನೂ ಜಾಸ್ತಿ. ತುಳಿದ ಎಣ್ಣೆಯಲ್ಲಿ ಒಂದು ಪಾಲು ಹೋಸ್ ಊದಿಸಲೇ ಖರ್ಚಾಗುತ್ತಿತ್ತು. ಬಿಸಿಯಾದಾಗ ತೊಂದರೆ ಹೆಚ್ಚಾಗಲು ಇದೂ ಒಂದು ಕಾರಣ. ಹೊಸ ಹೋಸ್ ಒಂದರಿಂದಲೇ 2 ಮಿ.ಮೀ. ಓಟ ವಾಪಸ್ ಬಂತು. ಹೊರಗೆ ಬಿರುಕಿಲ್ಲ ಅಂತ ಹಳೆಯ ಹೋಸ್ ಉಳಿಸಿಕೊಳ್ಳಬೇಡಿ.

ಎಲ್ಲಾ ಹೊಸದು ಹಾಕಿದ ಮೇಲೂ ಕ್ಲಚ್ ಬರಲಿಲ್ಲ. ಎಲ್ಲರೂ ನನ್ನನ್ನು ಹಿಡಿದುಕೊಂಡಿದ್ದು ಇಲ್ಲೇ. "ನೋಡಪ್ಪಾ, ಆವತ್ತೇ ಹೇಳಲಿಲ್ವಾ?" ಅಂತ. ಒಳಗೆ ಏರ್ ಇತ್ತು, ಅದು ಹೋಗುತ್ತಿರಲಿಲ್ಲ. ಪೆಡಲ್ ತುಳಿದು, ಸ್ಲೇವ್ ಮೇಲಿರುವ ಗಾಳಿ ಬಿಡುವ ನಿಪ್ಪಲ್ ಸಡಿಲಿಸುವ ಮಾಮೂಲಿ ರೀತಿಯಲ್ಲಿ ಅರ್ಧ ಲೀಟರ್ ಎಣ್ಣೆ ಖಾಲಿಯಾಯಿತು. ಈ ಮಾಸ್ಟರ್ ಒಂದು ತುಳಿತಕ್ಕೆ ತಳ್ಳುವುದು ಐದಾರು ಮಿ.ಲೀ. ಅಷ್ಟೇ. ಪೈಪ್ ಮೇಲೆ ಬಾಗಿರುವ ಕಡೆ ಕೂತ ಗುಳ್ಳೆ ಸ್ವಲ್ಪ ಕೆಳಗೆ ಬಂದು ಮತ್ತೆ ಮೇಲಕ್ಕೇ ಹೋಗುತ್ತದೆ. ವ್ಯಾಕ್ಯೂಮ್ ಪಂಪ್ ತಂದು ಎಳೆದೆ. ನಿಪ್ಪಲ್ ಥ್ರೆಡ್ಡಿನ ಸಂದಿಯಿಂದಲೇ ಗಾಳಿ ಬರುತ್ತದೆ, ಗುಳ್ಳೆ ಯಾವತ್ತೂ ನಿಲ್ಲಲ್ಲ. ಪೆಡಲಿಗೆ ರಾತ್ರಿಯಿಡೀ ಕೋಲು ಕೊಟ್ಟು ನೋಡಿದೆ. ಬೆಳಿಗ್ಗೆ ಸ್ವಲ್ಪ ಪರವಾಗಿಲ್ಲ, ಮಧ್ಯಾಹ್ನಕ್ಕೆ ಅದೇ ಕಥೆ.

ಕೊನೆಗೆ ಕೆಳಗಿನ ನಿಪ್ಪಲಿನಿಂದ ಮೇಲಕ್ಕೆ ಎಣ್ಣೆ ತುಂಬಿಸಲು ಹೊರಟೆ. ಮೆಡಿಕಲ್ ಸ್ಟೋರಿನ 50 ಮಿ.ಲೀ. ಸಿರಿಂಜ್, ಮೂವತ್ತೋ ನಲವತ್ತೋ ರೂಪಾಯಿ. ಅದಕ್ಕೊಂದು ಪಾರದರ್ಶಕ ಟ್ಯೂಬ್. ನೋಡಲು ಬಂದಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು, "ಲೋ, ಎಣ್ಣೆ ಎಲ್ಲಾದರೂ ಕೆಳಗಿಂದ ಮೇಲಕ್ಕೆ ಹೋಗತ್ತೇನೋ? ನಾವೂ ಮಾಡಿ ನೋಡಿದೀವಿ, ಸಿರಿಂಜ್ ಒಳಗೇ ಹೋಗಲ್ಲ" ಅಂದರು. ನಿಜ, ಒಳಗೆ ಹೋಗಲಿಲ್ಲ. ಬಲವಾಗಿ ಒತ್ತಿದರೆ ಟ್ಯೂಬ್ ಕಿತ್ತುಕೊಂಡು ಬಂತು.

ಕಾರಣ ಆ ಪೆಡಲ್ ರಾಡ್. ಉದ್ದ ಮಾಡಿದ ರಾಡ್ ಯಾವಾಗಲೂ ಮಾಸ್ಟರ್ ಪಿಸ್ಟನ್ನನ್ನು ಸ್ವಲ್ಪ ಒಳಕ್ಕೆ ಒತ್ತಿಕೊಂಡೇ ಇತ್ತು. ಡಬ್ಬಿಗೆ ಹೋಗುವ ಸಣ್ಣ ತೂತು ಪಿಸ್ಟನ್ ಪೂರ್ತಿ ಹಿಂದೆ ಬಂದರೆ ಮಾತ್ರ ತೆರೆಯುತ್ತದೆ. ಅದು ಮುಚ್ಚಿದ್ದರೆ ಕೆಳಗಿನಿಂದ ಬಂದ ಎಣ್ಣೆಗೂ ಗಾಳಿಗೂ ದಾರಿಯೇ ಇಲ್ಲ. ಲಾಕ್ ನಟ್ ಸಡಿಲಿಸಿ, ರಾಡ್ ತಿರುಗಿಸಿ, ಪೆಡಲಿನಲ್ಲಿ ಬೆರಳಿಗೆ ಗೊತ್ತಾಗುವಷ್ಟು ಫ್ರೀ ಪ್ಲೇ ಬಿಟ್ಟೆ. ಡಬ್ಬಿಯ ಎಣ್ಣೆ ಅರ್ಧ ತೆಗೆದೆ, ಇಲ್ಲದಿದ್ದರೆ ತುಂಬಿ ಚೆಲ್ಲಿ ಪೇಂಟ್ ಕಿತ್ತುಹೋಗುತ್ತದೆ. ಈ ಸಲ ಸಿರಿಂಜ್ ಒಂದೇ ಬೆರಳಿಗೆ ಇಳಿಯಿತು. ಡಬ್ಬಿಯಲ್ಲಿ ಗುಳುಗುಳು ಅಂತ ಗುಳ್ಳೆ. ಮೂರು ಸಿರಿಂಜ್ ಆಗುವಷ್ಟರಲ್ಲಿ ನಿಂತಿತು. ಸ್ಲೇವ್ ರಾಡ್ ಓಟ ಅಳೆದೆ, 14 ಮಿ.ಮೀ. ಹಿರಿಯರು ತಾವೇ ಕೂತು ರಿವರ್ಸ್ ಹಾಕಿ ನೋಡಿ, ಸುಮ್ನೆ ಇಳಿದರು.

ನಿಪ್ಪಲ್ ಥ್ರೆಡ್ಡಿನಿಂದ ಗಾಳಿ ಹೋಗದ ಹಾಗೆ ನಾನೊಂದು ಕೆಲಸ ಮಾಡುತ್ತೇನೆ, ಗುಳ್ಳೆ ಬೇಗ ಬಿಡಲು ಇನ್ನೊಂದು. ಅವೆರಡೂ ನನ್ನ ಹೊಟ್ಟೆಪಾಡಿನ ಗುಟ್ಟು, ನನ್ನ ಹತ್ತಿರವೇ ಇರಲಿ. ಮೇಲೆ ಬರೆದಷ್ಟು ಮಾಡಿದರೂ ನಿಮ್ಮ ಕೆಲಸ ಆಗುತ್ತದೆ.

ಮೊದಲು ಬೇರೆಯವರಿಗೆ ಕೊಟ್ಟದ್ದು ಬಿಟ್ಟು, ಹಾಳಾದದ್ದೂ ಸೇರಿ ನನ್ನ ಕೈಯಿಂದ ಹೋಗಿದ್ದು 4,000ದ ಒಳಗೆ. ಎಣ್ಣೆ ಮಾತ್ರ ಡಾಟ್ 3 (ಬ್ರೇಕ್ ಆಯಿಲ್) ಹಾಕಿ. ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಬೇಡ, ಕಪ್ ಊದಿ ಹೋಗುತ್ತದೆ. ಡಾಟ್ 3 ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಬೋರ್‌ನಲ್ಲಿ ಗುಳಿ ಬೀಳುವುದೇ ಆ ನೀರಿನಿಂದ.

ಸ್ಲೇವ್ ಬೆಲ್ ಹೌಸಿಂಗ್ ಒಳಗೇ ಇರುವ ಗಾಡಿಗಳಲ್ಲಿ ಸ್ಕೇಲ್ ಹಿಡಿದು ಅಳೆಯಲು ಆಗಲ್ಲ. ಅಲ್ಲಿ ಪ್ಲಗ್ ಹಾಕಿ ಮಾಸ್ಟರ್ ಪರೀಕ್ಷೆ ಮೊದಲು ಮಾಡಿ. ಪೆಡಲ್ ಗಟ್ಟಿ ನಿಂತು, ಏರ್ ಕೂಡ ಪೂರ್ತಿ ತೆಗೆದ ಮೇಲೂ ಕ್ಲಚ್ ಕಟ್ ಆಗದಿದ್ದರೆ, ಆಗ ಗೇರ್ ಬಾಕ್ಸ್ ಇಳಿಸಿ.